ಚಾಕುವಿಗೂ ಚಿತ್ರಕ್ಕೂ ನಡುವಿನ ಸೆಕೆಂಡುಗಳು: ಮ್ಯೂಸಿಯಂ ಕಲಾಕೃತಿಗಳನ್ನು ಕಾಯುವ ಕ್ರಮ

ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿರುವ ರೆಂಬ್ರಾಂಟ್‌ನ 'ನೈಟ್ ವಾಚ್' ಮೇಲೆ ಕಳೆದ ಶತಮಾನದಲ್ಲಿ ಮೂರು ಸಲ ದಾಳಿಯಾಯಿತು. 1911ರಲ್ಲಿ ಬಂದವನ ಚಾಕು ದಪ್ಪ ವಾರ್ನಿಷ್ ದಾಟಲಿಲ್ಲ. 1975ರಲ್ಲಿ ಬಂದವನು ಬ್ರೆಡ್ ಕೊಯ್ಯುವ ಚಾಕುವಿನಿಂದ ಕ್ಯಾನ್ವಾಸನ್ನೇ ಸೀಳಿದ. ಅವನನ್ನು ಹಿಡಿದೆಳೆಯುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ಸೀಳು ಬಿದ್ದಿದ್ದವು. 1990ರಲ್ಲಿ ಆಸಿಡ್ ಎರಚಿದಾಗ ಸಿಬ್ಬಂದಿ ಕೂಡಲೇ ನೀರು ಹಾಯಿಸಿದ್ದರಿಂದ ಹಾನಿ ವಾರ್ನಿಷ್‌ನಲ್ಲೇ ನಿಂತಿತು. ಅದಕ್ಕೂ ಐದು ವರ್ಷ ಮೊದಲು, 1985ರ ಜೂನ್ 15ರಂದು, ಲೆನಿನ್‌ಗ್ರಾಡ್‌ನ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಹರ್ಮಿಟಾಜ್ ಮ್ಯೂಸಿಯಂನಲ್ಲಿ ಅದೇ ಕಲಾವಿದನ 'ಡಾನೆ' ಚಿತ್ರಕ್ಕೆ ಒಬ್ಬ ಚಾಕು ಹಾಕಿ ಸಲ್ಫ್ಯೂರಿಕ್ ಆಸಿಡ್ ಸುರಿದಿದ್ದ. ನಡುಭಾಗದ ಬಣ್ಣ ಕರಗಿ ಕೆಳಗೆ ಹರಿಯಿತು. ಆ ಚಿತ್ರ ಮತ್ತೆ ಗೋಡೆಗೇರಲು 12 ವರ್ಷ ಹಿಡಿಯಿತು.

ಈ ನಾಲ್ಕು ಘಟನೆಗಳನ್ನು ಪಕ್ಕಪಕ್ಕ ಇಟ್ಟರೆ ನಮ್ಮ ಕೆಲಸ ಎಲ್ಲಿದೆ ಎಂದು ತಿಳಿಯುತ್ತದೆ. ಕೆಡಿಸಲೇಬೇಕೆಂದು ಟಿಕೆಟ್ ಕೊಂಡು ಬಂದವನನ್ನು ಬಾಗಿಲಲ್ಲೇ ಗುರುತಿಸುವುದು ಬಹಳ ಸಲ ಆಗದ ಮಾತು. ಅವನ ಕೈ ಚಿತ್ರ ಮುಟ್ಟಲು ಹಿಡಿಯುವ ಹೊತ್ತನ್ನು ಮಾತ್ರ ಹಿಗ್ಗಿಸಬಹುದು. ಮುಟ್ಟಿದ ಮೇಲೆ ಸರಿಯಾದ ಆರೈಕೆ ಶುರುವಾಗಲು ಹಿಡಿಯುವ ಹೊತ್ತನ್ನು ಕುಗ್ಗಿಸಬಹುದು. ಜಿಲ್ಲಾ ಮ್ಯೂಸಿಯಂ, ಮಠದ ಸಂಗ್ರಹ, ಖಾಸಗಿ ಗ್ಯಾಲರಿಗಳಲ್ಲಿ ಹಣ ಕಡಿಮೆ, ಸಿಬ್ಬಂದಿ ಇನ್ನೂ ಕಡಿಮೆ. ಆದ್ದರಿಂದ ಖರ್ಚಿಲ್ಲದೆ ಆಗುವ ಕೆಲಸಗಳನ್ನು ಮೊದಲಿಟ್ಟು, ದುಬಾರಿಯಾದ ಗಾಜು, ಕ್ಯಾಮೆರಾಗಳನ್ನು ಆಮೇಲೆ ಹೇಳಿದ್ದೇವೆ.

1. ಸ್ಟಾಪ್‌ವಾಚ್ ಹಿಡಿದು ನಡೆಯಿರಿ

ರಜೆಯ ದಿನ ಇಬ್ಬರು ಸಾಕು. ಕಲಾಕೃತಿಯ ಬದಲು ಅಷ್ಟೇ ಅಗಲದ ಬ್ರೌನ್ ಪೇಪರ್ ಒಂದನ್ನು ಖಾಲಿ ಗೋಡೆಗೆ ಅಂಟಿಸಿ. ಒಬ್ಬರು ನೋಡುಗರು ನಿಲ್ಲುವ ಜಾಗದಿಂದ ಹೊರಟು ಕಾಗದ ಮುಟ್ಟಲಿ. ಇನ್ನೊಬ್ಬರು ಗಾರ್ಡ್ ದಿನವೂ ಕೂರುವ ಕುರ್ಚಿಯಿಂದ ಎದ್ದು ಬರಲಿ. ಚುರುಕಾಗಿ ನಡೆಯುವವರು ಸೆಕೆಂಡಿಗೆ ಒಂದೂವರೆ ಮೀಟರ್ ದಾಟುತ್ತಾರೆ. ಹತ್ತು ಮೀಟರ್ ದೂರದ ಗಾರ್ಡ್‌ಗೆ ಏನಾಗುತ್ತಿದೆ ಎಂದು ತಿಳಿಯಲು ಒಂದೆರಡು ಸೆಕೆಂಡು, ಎದ್ದು ಓಡಿ ಬರಲು ಇನ್ನು ಮೂರ್ನಾಲ್ಕು ಸೆಕೆಂಡು ಬೇಕು. ಅಷ್ಟರಲ್ಲಿ ಚಾಕು ಹಿಡಿದ ಕೈ ನಾಲ್ಕು ಸಲ ಬೀಸಿಯಾಗಿರುತ್ತದೆ. ಪ್ರತಿ ಮುಖ್ಯ ಕೃತಿಗೂ ಈ ಎರಡು ಅಂಕಿಗಳನ್ನು ಬರೆದಿಡಿ: ತಲುಪುವ ಹೊತ್ತು, ತಡೆಯುವ ಹೊತ್ತು. ಎರಡನೆಯದು ಮೊದಲನೆಯದಕ್ಕಿಂತ ಎಷ್ಟು ದೊಡ್ಡದೋ ಅಷ್ಟು ಅಪಾಯ.

ಪಟ್ಟಿಯಲ್ಲಿ ಯಾವುದು ಮೇಲೆ ಬರಬೇಕು? ಬೆಲೆ ಹೆಚ್ಚಿನದೇ ಆಗಬೇಕಿಲ್ಲ. ಎಲ್ಲರಿಗೂ ಗುರುತಿರುವ ಮುಖ, ದೇವರ ಅಥವಾ ರಾಜಕೀಯದ ವಿಷಯ, ನಗ್ನ ಚಿತ್ರ, ಬಾಗಿಲ ಪಕ್ಕದ ಗೋಡೆ, ಹಿಂದೊಮ್ಮೆ ಏಟು ತಿಂದ ಕೃತಿ, ಇವು ಮೊದಲು. ಲಂಡನ್‌ನ ನ್ಯಾಷನಲ್ ಗ್ಯಾಲರಿಯಲ್ಲಿರುವ ವೆಲಾಸ್ಕೆಸ್‌ನ 'ರೋಕ್‌ಬಿ ವೀನಸ್' ಚಿತ್ರವನ್ನು 1914ರಲ್ಲಿ ಮತದಾನದ ಹಕ್ಕಿಗೆ ಹೋರಾಡುತ್ತಿದ್ದ ಮೇರಿ ರಿಚರ್ಡ್‌ಸನ್ ಮಾಂಸ ಕಡಿಯುವ ಕತ್ತಿಯಿಂದ ಸೀಳಿದರು. 2023ರ ನವೆಂಬರ್‌ನಲ್ಲಿ ಅದೇ ಚಿತ್ರದ ಗಾಜಿಗೆ ಸುತ್ತಿಗೆ ಏಟು ಬಿತ್ತು. ಹಳೆಯ ದಾಳಿಯ ಸುದ್ದಿ ಹೊಸಬರನ್ನು ಕರೆಯುತ್ತದೆ.

2. ಇಂದಿನ ಸ್ಥಿತಿ ದಾಖಲಾಗಿರಲಿ

ಎಲ್ಲ ಹಾನಿಯೂ ಗದ್ದಲ ಮಾಡಿ ಬರುವುದಿಲ್ಲ. 2020ರ ಅಕ್ಟೋಬರ್ 3ರಂದು ಬರ್ಲಿನ್‌ನ ಮ್ಯೂಸಿಯಂ ದ್ವೀಪದಲ್ಲಿ ಯಾರೋ ಎಣ್ಣೆಯಂಥ ದ್ರವವನ್ನು ಸುಮಾರು 70 ವಸ್ತುಗಳ ಮೇಲೆ ಸಿಂಪಡಿಸಿ ಹೋದರು. ಪೆರ್ಗಮಾನ್, ನೋಯೆಸ್ ಮ್ಯೂಸಿಯಂ, ಆಲ್ಟೆ ನ್ಯಾಷನಲ್ ಗ್ಯಾಲರಿ, ಮೂರರಲ್ಲೂ ಜನ ಓಡಾಡುತ್ತಿದ್ದ ಹೊತ್ತಿನಲ್ಲೇ ಇದು ನಡೆಯಿತು. ಕೂಗಿಲ್ಲ, ಓಟವಿಲ್ಲ, ಕಲ್ಲಿನ ಮೇಲೆ ಕಲೆ ಮಾತ್ರ ಉಳಿಯಿತು. ನಮ್ಮಲ್ಲಿ ಕಾಣುವ ಹಾನಿಯೂ ಹೆಚ್ಚಾಗಿ ಸದ್ದಿಲ್ಲದ್ದೇ: ಕೀಲಿಯಿಂದ ಕೊರೆದ ಹೆಸರು, ಪೆನ್ನಿನ ಗೀಟು, ಉಗುರಿನಿಂದ ಕೆರೆದ ಬಂಗಾರದ ಹಾಳೆ.

ಇದಕ್ಕೆ ಮದ್ದು ದಿನಕ್ಕೆರಡು ಸುತ್ತು. ಬಾಗಿಲು ತೆರೆಯುವ ಮೊದಲೊಮ್ಮೆ, ಮುಚ್ಚಿದ ಮೇಲೊಮ್ಮೆ, ಕೈಯಲ್ಲಿ ಟಾರ್ಚ್. ಬೆಳಕನ್ನು ಎದುರಿನಿಂದ ಬಿಡಬೇಡಿ; ಪಕ್ಕದಿಂದ, ಮೇಲ್ಮೈಗೆ ಬಹುತೇಕ ಸಮಾನಾಂತರವಾಗಿ ಬಿಡಿ. ಆಗ ಹೊಸ ಗೀರು, ಉಬ್ಬು, ಎಣ್ಣೆಯ ಹೊಳಪು ನೆರಳಿನಿಂದಾಗಿ ಎದ್ದು ಕಾಣುತ್ತವೆ. ಸುತ್ತು ಬಂದವರು ಹೊತ್ತು ಬರೆದು ಸಹಿ ಹಾಕಲಿ. ಹಾನಿ ಬೆಳಿಗ್ಗೆಗೂ ಸಂಜೆಗೂ ನಡುವೆ ಆಯಿತೆಂದು ಗೊತ್ತಿದ್ದರೆ ಎಂಟು ಗಂಟೆಯ ಕ್ಯಾಮೆರಾ ದೃಶ್ಯ ನೋಡಿದರೆ ಸಾಕು. ಇಲ್ಲದಿದ್ದರೆ ಒಂದು ತಿಂಗಳದ್ದನ್ನು ನೋಡುತ್ತ ಕೂರಬೇಕು.

ಪ್ರತಿ ಕೃತಿಗೆ ಕನಿಷ್ಠ ಎಂಟು ಫೋಟೊ ಇರಲಿ: ಪೂರ್ತಿ ಮುಖ, ಹಿಂಬದಿ, ನಾಲ್ಕು ಮೂಲೆ, ಎಡದಿಂದ ಮತ್ತು ಬಲದಿಂದ ಓರೆ ಬೆಳಕು ಬಿಟ್ಟು ಒಂದೊಂದು. ಅಳತೆಪಟ್ಟಿ, ದಾಸ್ತಾನು ಸಂಖ್ಯೆ ಚೌಕದೊಳಗೆ ಬರಲಿ. ಒಂದು ಪ್ರತಿ ಕಟ್ಟಡದ ಹೊರಗೆ ಇಡಿ.

ಇದರ ಜೊತೆಗೇ ಮಾಡಬೇಕಾದ ಇನ್ನೊಂದು ಕೆಲಸವನ್ನು ಬಹಳ ಕಡೆ ಯಾರೂ ಮಾಡಿರುವುದಿಲ್ಲ. ಗ್ಯಾಲರಿಯ ನಕ್ಷೆಯಲ್ಲಿ ಪ್ರತಿ ಕೃತಿಗೆ ನೀಲಿ ಇಲ್ಲವೇ ಕೆಂಪು ಚುಕ್ಕೆ ಇಡಿ. ನೀಲಿ ಎಂದರೆ ಆಸಿಡ್ ಬಿದ್ದರೆ ಗಾರ್ಡ್ ತಾನೇ ನೀರು ಹಾಯಿಸಬಹುದು. ಕೆಂಪು ಎಂದರೆ ನೀರು ತಾಗಲೇಬಾರದು. ವಾರ್ನಿಷ್ ಇರುವ ಗಟ್ಟಿಮುಟ್ಟಾದ ತೈಲಚಿತ್ರ, ಬಣ್ಣವಿಲ್ಲದ ಗ್ರಾನೈಟ್ ಶಿಲ್ಪ ಸಾಮಾನ್ಯವಾಗಿ ನೀಲಿ. ಮೈಸೂರು ಮತ್ತು ತಂಜಾವೂರು ಶೈಲಿಯ ಚಿತ್ರ, ಜಲವರ್ಣ, ಗಂಜೀಫಾ ಎಲೆ, ತಾಳೆಗರಿ, ಪಾಸ್ಟೆಲ್ ಎಲ್ಲವೂ ಕೆಂಪು. ಮೈಸೂರು ಚಿತ್ರದಲ್ಲಿ ಬಂಗಾರದ ಹಾಳೆ ಕೂತಿರುವುದು ಗೆಸ್ಸೊ ಎಂಬ, ಅಂಟು ಬೆರೆಸಿದ ಲೇಪದ ಉಬ್ಬಿನ ಮೇಲೆ. ನೀರು ಸೋಕಿದರೆ ಆ ಉಬ್ಬು ಮೆತ್ತಗಾಗಿ ಬಂಗಾರ ಸಮೇತ ಕಳಚುತ್ತದೆ. ಚುಕ್ಕೆ ಇಡಬೇಕಾದವರು ಕನ್ಸರ್ವೇಟರ್, ಅಂದರೆ ಕಲಾಕೃತಿ ಸಂರಕ್ಷಣೆಯ ತಜ್ಞರು. ಶಾಂತ ಹೊತ್ತಿನಲ್ಲಿ ಒಂದು ದಿನ ಅವರನ್ನು ಕರೆಸಿ ಇದನ್ನು ಮುಗಿಸಿಕೊಳ್ಳಿ. ಆಸಿಡ್ ಸುರಿದ ಮೇಲೆ ಫೋನ್ ಮಾಡಿ ಕೇಳುವ ಹೊತ್ತಿರುವುದಿಲ್ಲ.

3. ಅಂತರ ಕಾಯಿರಿ, ಆಯುಧ ಕೊಡಬೇಡಿ

ಹಗ್ಗವನ್ನು ಗೋಡೆಯಿಂದ 90 ಸೆಂಟಿಮೀಟರ್ ದೂರದಲ್ಲಿ ಕಟ್ಟಿ. ಚಾಚಿದ ಕೈ ಎಪ್ಪತ್ತು ಸೆಂಟಿಮೀಟರ್ ಸುಮಾರು ಬರುತ್ತದೆ, ಬಗ್ಗಿದರೆ ಇನ್ನಷ್ಟು. ಹಗ್ಗ ಯಾರನ್ನೂ ನಿಲ್ಲಿಸುವುದಿಲ್ಲ, ಆದರೆ ದಾಟಿದವನನ್ನು ತೋರಿಸಿಕೊಡುತ್ತದೆ. ಹಗ್ಗದಾಚೆ ಕಾಲಿಟ್ಟ ಕ್ಷಣ ಗಾರ್ಡ್‌ಗೆ ಅನುಮಾನಕ್ಕೆ ಎಡೆಯಿಲ್ಲ, ಓಡಬಹುದು.

ಹಗ್ಗ ಹಿಡಿದಿರುವ ಕಂಬವನ್ನು ನೆಲಕ್ಕೆ ಬೋಲ್ಟ್ ಮಾಡಿ. 2018ರ ಮೇ 25ರಂದು ಮಾಸ್ಕೊದ ತ್ರೆತ್ಯಕೋವ್ ಗ್ಯಾಲರಿಯಲ್ಲಿ ರೇಪಿನ್‌ನ 'ಇವಾನ್ ದಿ ಟೆರಿಬಲ್ ಮತ್ತು ಅವನ ಮಗ' ಚಿತ್ರಕ್ಕೆ ಏಟು ಬಿದ್ದದ್ದು ಹೊರಗಿನಿಂದ ತಂದ ಆಯುಧದಿಂದಲ್ಲ. ರಕ್ಷಣೆಗೆಂದು ನಿಲ್ಲಿಸಿದ್ದ ಲೋಹದ ಕಂಬವನ್ನೇ ಕಿತ್ತು ಹೊಡೆದ. ಗಾಜು ಒಡೆದು ಕ್ಯಾನ್ವಾಸ್ ಮೂರು ಕಡೆ ಹರಿಯಿತು. 1913ರಲ್ಲಿ ಚಾಕುವಿನ ಏಟು ತಿಂದಿದ್ದ ಚಿತ್ರವೂ ಇದೇ. ಇದೇ ಕಣ್ಣಿನಿಂದ ನಿಮ್ಮ ಕೋಣೆಯನ್ನು ನೋಡಿ: ಮಡಚುವ ಕುರ್ಚಿ, ಏಣಿ, ಹೂಕುಂಡ, ನೆಲ ಒರೆಸುವ ಕೋಲು. ಅಗ್ನಿಶಾಮಕ ಸಿಲಿಂಡರ್ ತೆಗೆಯುವಂತಿಲ್ಲ. ಅದನ್ನು ಮುಖ್ಯ ಕೃತಿಯ ಪಕ್ಕದಿಂದ ಸರಿಸಿ, ಗಾರ್ಡ್ ಕಣ್ಣಿಗೆ ಬೀಳುವ ಗೋಡೆಗೆ ಹಾಕಿಸಿ.

ಗಾಲಿಕುರ್ಚಿ ಹೋಗಲು ಹಗ್ಗದ ಈಚೆ 90 ಸೆಂಟಿಮೀಟರ್ ದಾರಿ ಬಿಡುವುದನ್ನು ಮರೆಯಬೇಡಿ. ಮೊಣಕಾಲಿಗಿಂತ ಕೆಳಗೆ ಬರುವ ತಂತಿ ನೆಲದ ಬಣ್ಣದಲ್ಲೇ ಇದ್ದರೆ ವಯಸ್ಸಾದವರು ಎಡವಿ ಚಿತ್ರದ ಮೇಲೇ ಬೀಳುತ್ತಾರೆ. ಎದ್ದು ಕಾಣುವ ಬಣ್ಣ ಕೊಡಿ.

ಶಿಲ್ಪಗಳ ವಿಷಯದಲ್ಲಿ ನಮ್ಮ ಕಡೆಯದೇ ಒಂದು ಕಷ್ಟವಿದೆ. ಗಣಪತಿ, ಮಹಿಷಮರ್ದಿನಿ ಕಂಡೊಡನೆ ಕುಂಕುಮ ಹಚ್ಚಿ, ಪಾದದ ಬಳಿ ನಾಣ್ಯವಿಟ್ಟು ಕೈಮುಗಿಯುವವರಿದ್ದಾರೆ. ಅವರಲ್ಲಿ ಕೇಡಿಲ್ಲ, ಭಕ್ತಿಯಿದೆ. ಆದರೂ ಎಣ್ಣೆಯ ಜೊತೆ ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿದ ಕೆಂಪನ್ನು ಪೂರ್ತಿ ತೆಗೆಯುವುದು ಬಲು ಕಷ್ಟ. ಗದರಿಸಬೇಡಿ. 'ಮುಟ್ಟಬೇಡಿ' ಎನ್ನುವ ಫಲಕಕ್ಕಿಂತ 'ಈ ವಿಗ್ರಹ ಪೂಜೆಯಲ್ಲಿಲ್ಲ, ದಯವಿಟ್ಟು ದೂರದಿಂದಲೇ ಕೈಮುಗಿಯಿರಿ' ಎನ್ನುವ ಫಲಕ ಒಳ್ಳೆಯದು, ಏಕೆಂದರೆ ಅದು ಭಕ್ತರಿಗೆ ಮಾಡಲು ಒಂದು ಕೆಲಸ ಕೊಡುತ್ತದೆ. ಒಂದು ಬೊಟ್ಟು ಉಳಿದರೆ ಸಂಜೆಗೆ ಹತ್ತಾಗುತ್ತದೆ. ಒಣ ಪುಡಿಯನ್ನು ಮೆತ್ತನೆ ಕುಂಚದಿಂದ ಅದೇ ದಿನ ತೆಗೆದುಬಿಡಿ, ನೀರು ಹಾಕಿ ಉಜ್ಜಬೇಡಿ.

4. ಚೀಲ ಮತ್ತು ಬಾಟಲಿ

ಲಂಡನ್‌ನ ನ್ಯಾಷನಲ್ ಗ್ಯಾಲರಿ 2024ರ ಅಕ್ಟೋಬರ್ 18ರಿಂದ ದ್ರವಗಳನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿತು. ಮಕ್ಕಳ ಹಾಲು, ವೈದ್ಯರು ಬರೆದುಕೊಟ್ಟ ಔಷಧಿಗೆ ಮಾತ್ರ ವಿನಾಯಿತಿ. ಎರಡು ವರ್ಷದೊಳಗೆ ವ್ಯಾನ್ ಗೋನ 'ಸೂರ್ಯಕಾಂತಿ'ಗೆ ಎರಡು ಸಲ ಸೂಪ್ ಬಿದ್ದ ಮೇಲೆ ಬಂದ ನಿಯಮವಿದು. ನಮ್ಮ ಬಿಸಿಲಿನಲ್ಲಿ ಇದನ್ನು ಹಾಗೇ ತಂದರೆ ಕೌಂಟರ್‌ನಲ್ಲಿ ಜಗಳವಾಗುತ್ತದೆ. ಬಾಟಲಿ ಇಟ್ಟುಕೊಂಡು ಟೋಕನ್ ಕೊಡಿ, ಪ್ರದರ್ಶನ ಕೋಣೆಯ ಹೊರಗೆ ಕುಡಿಯುವ ನೀರು ಇಡಿ, ಅದು ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿ. ನೀರು ಇಡದೆ ಬಾಟಲಿ ಕಿತ್ತುಕೊಳ್ಳುವ ನಿಯಮ ಒಂದು ವಾರವೂ ನಿಲ್ಲುವುದಿಲ್ಲ.

ಎ4 ಹಾಳೆಗಿಂತ ದೊಡ್ಡ ಚೀಲ, ಕೊಡೆ, ಪೆನ್ನು, ಮಾರ್ಕರ್ ಹೊರಗೆ. ಬರೆದುಕೊಳ್ಳುವ ವಿದ್ಯಾರ್ಥಿಗಳಿಗೆ ಪೆನ್ಸಿಲ್ ಕೊಡಿ. ನಡೆಯಲು ಬೇಕಾದ ಊರುಗೋಲನ್ನು ಯಾರಿಂದಲೂ ತೆಗೆದುಕೊಳ್ಳಬೇಡಿ.

5. ಗಾರ್ಡ್ ಎಲ್ಲಿ ನಿಲ್ಲಬೇಕು, ಏನು ನೋಡಬೇಕು

ಬಾಗಿಲ ಪಕ್ಕದ ಕುರ್ಚಿ ಗಾರ್ಡ್‌ಗೆ ಅನುಕೂಲ, ಕೃತಿಗೆ ಅಲ್ಲ. ಅತಿ ಅಪಾಯದ ಕೃತಿಯಿಂದ ಮೂರ್ನಾಲ್ಕು ಮೀಟರ್‌ನೊಳಗೆ, ಕೋಣೆಯ ಬಾಗಿಲೂ ಕಾಣುವಂತೆ ನಿಲ್ಲಲಿ. ಅರ್ಧ ಗಂಟೆಗೊಮ್ಮೆ ಕೋಣೆ ಬದಲಿಸಿ. ಒಂದೇ ಗೋಡೆ ನೋಡುತ್ತ ನಿಂತವರ ಕಣ್ಣು ಬೇಗ ಮಂಕಾಗುತ್ತದೆ. ಎಂಟು ಗಂಟೆ ನಿಲ್ಲಿಸಿ, ಊಟಕ್ಕೆ ಬದಲಿ ಕೊಡದೆ, ಆಮೇಲೆ ಎಚ್ಚರ ಸಾಲದು ಎಂದು ದೂರುವುದು ಅನ್ಯಾಯ.

ನೋಡಬೇಕಾದದ್ದು ಬಟ್ಟೆಯನ್ನಲ್ಲ, ನಡೆಯನ್ನು. ಚಿತ್ರಕ್ಕಿಂತ ಗಾರ್ಡ್‌ನನ್ನು, ಕ್ಯಾಮೆರಾವನ್ನು ಹೆಚ್ಚು ನೋಡುವವರು. ಒಂದೇ ಕೋಣೆಗೆ ಮತ್ತೆಮತ್ತೆ ಬರುವವರು. ಚೀಲದೊಳಗೆ ಇಟ್ಟ ಕೈ ಹೊರತೆಗೆಯದವರು. ಏನೂ ಆಗುವ ಮೊದಲೇ ಗೆಳೆಯನೊಬ್ಬ ಫೋನ್ ಎತ್ತಿ ಚಿತ್ರೀಕರಿಸಲು ಸಜ್ಜಾಗಿ ನಿಂತಿರುವ ಗುಂಪು. ಪ್ರತಿಭಟನೆಗೆ ಬರುವವರಿಗೆ ವಿಡಿಯೊ ಬೇಕೇ ಬೇಕು, ಹಾಗಾಗಿ ಕೊನೆಯ ಲಕ್ಷಣ ತುಂಬಾ ಉಪಯುಕ್ತ. ಇಂಥದ್ದು ಕಂಡರೆ ಹತ್ತಿರ ಹೋಗಿ 'ನಮಸ್ಕಾರ, ಏನಾದರೂ ಹೇಳಬೇಕಿತ್ತಾ ಸರ್, ಈ ಚಿತ್ರದ ಬಗ್ಗೆ?' ಎಂದು ಕೇಳಿದರೆ ಸಾಕು. ನಿಜವಾದ ಆಸಕ್ತರು ಮಾತಿಗೆ ನಿಲ್ಲುತ್ತಾರೆ. ಬೇರೆ ಉದ್ದೇಶದವರಿಗೆ ತಮ್ಮ ಮುಖ ಯಾರೋ ನೋಡಿಟ್ಟುಕೊಂಡರು ಎಂದು ಗೊತ್ತಾಗುತ್ತದೆ.

6. ಗಾಜು: ಯಾವುದು, ಎಷ್ಟು ದಪ್ಪ, ಹೇಗೆ ಕೂರಿಸಬೇಕು

ಮೋನಾಲಿಸಾಗೆ 2022ರಲ್ಲಿ ಕೇಕ್, 2024ರಲ್ಲಿ ಸೂಪ್ ಬಿದ್ದರೂ ಚಿತ್ರಕ್ಕೆ ಏನೂ ಆಗದಿದ್ದದ್ದು ಗಾಜಿನಿಂದ. ಆದರೆ ತಪ್ಪು ಗಾಜು ತಾನೇ ಹಾನಿ ಮಾಡುತ್ತದೆ.

ಫೋಟೊ ಫ್ರೇಮಿನ ಸಾದಾ ಗಾಜು ಒಡೆದರೆ ಉದ್ದುದ್ದ ಚೂರಿಗಳಾಗಿ ಕ್ಯಾನ್ವಾಸಿಗೆ ಇಳಿಯುತ್ತದೆ. ಟಫನ್ಡ್ ಗಾಜು ಗಟ್ಟಿ ಎಂದು ಅಂಗಡಿಯವರು ಹೇಳುತ್ತಾರೆ; ನಿಜ, ಆದರೆ ಒಡೆದಾಗ ಒಮ್ಮೆಲೇ ಸಾವಿರ ಕಾಳಾಗಿ ಉದುರಿ ಎರಡನೆಯ ಏಟಿಗೆ ಚಿತ್ರವನ್ನು ಬರಿದು ಮಾಡಿಬಿಡುತ್ತದೆ. ಬೇಕಾದದ್ದು ಲ್ಯಾಮಿನೇಟೆಡ್ ಗಾಜು: ಎರಡು ಹಾಳೆಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ. ಬಿರುಕು ಬಿಟ್ಟರೂ ಚೂರುಗಳು ಪದರಕ್ಕೇ ಅಂಟಿಕೊಂಡಿರುತ್ತವೆ. ಸಣ್ಣ, ಮಧ್ಯಮ ಅಳತೆಯ ಚಿತ್ರಗಳಿಗೆ 2 ಮಿ.ಮೀ.ನ ಎರಡು ಹಾಳೆ, ನಡುವೆ 0.38 ಅಥವಾ 0.76 ಮಿ.ಮೀ. ಪದರ ಸಾಕು. ಅತಿ ಅಪಾಯದ ಕೃತಿಗೆ, ಶೋಕೇಸಿಗೆ ಕೊಳ್ಳುವಾಗ ಇಎನ್ 356 (ಏಟು ತಾಳುವ ಗಾಜಿನ ಯುರೋಪಿನ ಮಾನದಂಡ) ದರ್ಜೆ ಕೇಳಿ. ಪಿ1ಎಯಿಂದ ಪಿ5ಎವರೆಗಿನ ಗಾಜನ್ನು 4.11 ಕಿಲೊ ತೂಕದ ಉಕ್ಕಿನ ಗುಂಡು ಬೀಳಿಸಿ ಪರೀಕ್ಷಿಸಿರುತ್ತಾರೆ. ಪಿ6ಬಿಯಿಂದ ಪಿ8ಬಿವರೆಗಿನದನ್ನು ಕೊಡಲಿ ಏಟಿನಿಂದ. ಪಿ6ಬಿ ಎಂದರೆ ಕನಿಷ್ಠ 30 ಏಟು. ಪ್ರಮಾಣಪತ್ರವಿಲ್ಲದೆ 'ಬುಲೆಟ್‌ಪ್ರೂಫ್' ಎಂದು ಮಾರುವುದನ್ನು ನಂಬಬೇಡಿ.

ತೂಕ ಮೊದಲೇ ಲೆಕ್ಕ ಹಾಕಿ. ಒಂದು ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ ಎರಡೂವರೆ ಕಿಲೊ. ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಚಿತ್ರಕ್ಕೆ ಮೇಲೆ ಹೇಳಿದ ತೆಳು ಲ್ಯಾಮಿನೇಟೆಡ್ ಗಾಜೇ ಸುಮಾರು 16 ಕಿಲೊ. ಹಳೆಯ ಫ್ರೇಮಿನ ಮೂಲೆಗಳು ಅಷ್ಟು ತಾಳುವುದಿಲ್ಲ. ಹಿಂದೆ ಲೋಹದ ಪಟ್ಟಿ ಕೊಡಿಸಬೇಕು, ತಂತಿ-ಮೊಳೆ ಬಿಟ್ಟು ಪ್ಲೇಟ್ ಹಾಕಿ ಗೋಡೆಗೆ ತಿರುಪಿನಿಂದ ಬಿಗಿಯಬೇಕು. ಅದೇ ಅಳತೆಗೆ 4 ಮಿ.ಮೀ. ಅಕ್ರಿಲಿಕ್ ಏಳು ಕಿಲೊ ಚಿಲ್ಲರೆ. ಹಗುರವೇನೋ ಹೌದು, ಆದರೆ ಸ್ಥಿರವಿದ್ಯುತ್ ಹಿಡಿಯುತ್ತದೆ: ಪಾಸ್ಟೆಲ್, ಇದ್ದಿಲು ಚಿತ್ರದ ಪುಡಿಯನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಅಂಥವಕ್ಕೆ ಬೇಡ. ಪಾಲಿಕಾರ್ಬೊನೇಟ್ ಸುತ್ತಿಗೆಗೂ ಬಗ್ಗದು, ಆದರೆ ಒರೆಸುವ ಬಟ್ಟೆಗೇ ಗೀರು ಬೀಳುತ್ತದೆ.

ಗಾಜು ಚಿತ್ರವನ್ನು ಮುಟ್ಟಬಾರದು. ಚಿಕ್ಕದಕ್ಕೆ 6 ಮಿ.ಮೀ., ದೊಡ್ಡ ಕ್ಯಾನ್ವಾಸಿಗೆ 12 ಮಿ.ಮೀ. ಅಂತರ ಪಟ್ಟಿ ಕೊಡಿ. 1987ರಲ್ಲಿ ಲಂಡನ್‌ನಲ್ಲಿ ಲಿಯೊನಾರ್ಡೊನ ದೊಡ್ಡ ರೇಖಾಚಿತ್ರಕ್ಕೆ ಒಬ್ಬ ಗುಂಡು ಹಾರಿಸಿದಾಗ ಕಾಗದವನ್ನು ಹರಿದದ್ದು ಪುಡಿಯಾದ ಗಾಜಿನ ರಭಸ.

ಇನ್ನೊಂದು ತಪ್ಪು ಕೆಳಅಂಚಿನಲ್ಲಾಗುತ್ತದೆ. ಎರಚಿದ ದ್ರವ ಗಾಜಿನ ಮೇಲೆ ಇಳಿದು ಫ್ರೇಮಿನ ಕೆಳಗಿನ ಸಂದಿಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಬತ್ತಿ ಎಣ್ಣೆ ಹೀರುವಂತೆ ಕ್ಯಾನ್ವಾಸ್ ಅದನ್ನು ಮೇಲಕ್ಕೆ ಹೀರುತ್ತದೆ. ಮುಂದೆ ಒರೆಸಿ ಶುಭ್ರ ಮಾಡಿ ನೆಮ್ಮದಿಯಾಗಿರುವಾಗ ಹಿಂದೆ ಹಾನಿ ಏರುತ್ತಿರುತ್ತದೆ. ಗಾಜಿನ ನಾಲ್ಕೂ ಅಂಚಿಗೆ ಸೀಲಿಂಗ್ ಟೇಪ್ ಸುತ್ತಿ ಕೂರಿಸಿ. ಹಿಂಬದಿಗೆ ಪಾಲಿಕಾರ್ಬೊನೇಟ್ ಹಾಳೆ ತಿರುಪಿನಿಂದ ಬಿಗಿಯಿರಿ. ಫ್ರೇಮ್ ಸ್ವತಃ ಹಳೆಯದಾಗಿದ್ದರೆ ಅದಕ್ಕೆ ಗಾಜಿನ ರಕ್ಷಣೆ ಇಲ್ಲ ಎಂಬುದೂ ನೆನಪಿರಲಿ: 2022ರಲ್ಲಿ 'ಸೂರ್ಯಕಾಂತಿ' ಉಳಿಯಿತು, ಅದರ ಪುರಾತನ ಚೌಕಟ್ಟು ಕೆಟ್ಟಿತು.

7. ಕ್ಯಾಮೆರಾ, ಅಲಾರಂ

ಕ್ಯಾಮೆರಾ ತಡೆಯುವುದಿಲ್ಲ, ಸಾಕ್ಷಿ ಹೇಳುತ್ತದೆ. ಒಂದು ಬಾಗಿಲಲ್ಲಿ ಮುಖದ ಎತ್ತರಕ್ಕೆ, ಒಂದು ಗೋಡೆಯುದ್ದಕ್ಕೂ ನೋಡುವಂತೆ. ದೃಶ್ಯ ಕನಿಷ್ಠ 30 ದಿನ ಉಳಿಯಲಿ. ಹಗ್ಗ ದಾಟಿದರೆ ಕೂಗುವ ಇನ್‌ಫ್ರಾರೆಡ್ ಸೆನ್ಸರ್ ಒಳ್ಳೆಯದೇ, ಆದರೆ ಗಂಟೆಗೆ ಇಪ್ಪತ್ತು ಸಲ ಸುಮ್ಮನೆ ಕೂಗುವುದು ಇಲ್ಲದ್ದಕ್ಕಿಂತ ಕೆಟ್ಟದ್ದು, ಗಾರ್ಡ್ ತಲೆಯೆತ್ತುವುದನ್ನೇ ಬಿಡುತ್ತಾರೆ.

8. ಆಗಿಹೋದಾಗ: ಮೊದಲ ಹದಿನೈದು ನಿಮಿಷ

ಪ್ರತಿ ಮಹಡಿಯಲ್ಲಿ ಬೀಗವಿಲ್ಲದ ಒಂದು ಪೆಟ್ಟಿಗೆ ಇರಲಿ:

- ಡಿಸ್ಟಿಲ್ಡ್ ವಾಟರ್ 10 ಲೀಟರ್, ಎರಡು ಸ್ಪ್ರೇ ಬಾಟಲಿ
- ನೈಟ್ರೈಲ್ ಕೈಗವಸು, ಕಣ್ಣಿನ ರಕ್ಷಣೆಯ ಕನ್ನಡಕ, ಮಾಸ್ಕ್
- ಬ್ಲಾಟಿಂಗ್ ಪೇಪರ್, ಬಿಳಿ ಹತ್ತಿ ಬಟ್ಟೆ, ಮೆತ್ತನೆ ಕುಂಚ, ಚಿಮಟ
- ಪಿಎಚ್ ಪಟ್ಟಿ (ದ್ರವ ಆಸಿಡ್ ಹೌದೋ ಅಲ್ಲವೋ ಎಂದು ಬಣ್ಣದಿಂದ ತೋರಿಸುವ ಕಾಗದ), ಜಿಪ್ ಚೀಲ, ಲೇಬಲ್, ಪೆನ್ಸಿಲ್
- ಅಗಲ ಟೇಪ್, ಪಾಲಿಥೀನ್ ಹಾಳೆ, ಟಾರ್ಚ್

ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ; ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಅಂಥದ್ದೇ ಕ್ಯಾನಿನಲ್ಲಿ ಇರುತ್ತದೆ. ತಂದ ದಿನವೇ ಪಿಎಚ್ ಪಟ್ಟಿ ಅದ್ದಿ ನೋಡಿ, ಆಮೇಲೆ ಪೆಟ್ಟಿಗೆಗೆ ಹಾಕಿ.

ಮೂವರಿಗೆ ಮೂರು ಕೆಲಸ ಮೊದಲೇ ಹಂಚಿರಲಿ. ಒಬ್ಬರು ದಾಳಿ ಮಾಡಿದವನನ್ನು ಕೃತಿಯಿಂದ ದೂರ ಎಳೆಯುವುದು, ಹೊಡೆಯುವುದಲ್ಲ. ಇನ್ನೊಬ್ಬರು ಕೋಣೆ ಖಾಲಿ ಮಾಡಿಸಿ 112ಕ್ಕೆ ಕರೆ ಮಾಡುವುದು. ಮೂರನೆಯವರು ಬೇರೇನೂ ನೋಡದೆ ಕೃತಿಯ ಹತ್ತಿರ ಹೋಗುವುದು. ಮೂವರೂ ಆರೋಪಿಯ ಹಿಂದೆ ಓಡಿದರೆ ಚಿತ್ರದ ಮೇಲೆ ಆಸಿಡ್ ತನ್ನ ಕೆಲಸ ಮಾಡುತ್ತಿರುತ್ತದೆ.

ಆಸಿಡ್ ಎಂಬ ಅನುಮಾನವಿದ್ದು ನೀಲಿ ಚುಕ್ಕೆಯಿದ್ದರೆ ಕೈಗವಸು, ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಕ್ಕೆ ಧಾರಾಳವಾಗಿ ನೀರು ಹರಿಸಿ, ಹರಿದ ನೀರಿನ ಪಿಎಚ್ ಸಾಮಾನ್ಯಕ್ಕೆ ಬರುವವರೆಗೆ ನಿಲ್ಲಿಸಬೇಡಿ. ಅಡುಗೆ ಸೋಡಾ ಹಾಕಬೇಡಿ, ನೊರೆಯೂ ಬಿಸಿಯೂ ಎದ್ದು ಬಣ್ಣ ಕೀಳುತ್ತದೆ. ಕೆಂಪು ಚುಕ್ಕೆಯಿದ್ದರೆ ಬ್ಲಾಟಿಂಗ್ ಪೇಪರ್‌ನ ಅಂಚನ್ನು ಹನಿಗೆ ತಾಗಿಸಿ ಹೀರಿಸಿ, ಒತ್ತಬೇಡಿ.

ಸೂಪು, ಹಾಲು, ಬಣ್ಣದ ನೀರು ಗಾಜಿನ ಮೇಲೆ ಬಿದ್ದರೆ ಮೊದಲು ಒರೆಸಬೇಕಾದದ್ದು ಕೆಳಅಂಚು. ಚಿತ್ರವನ್ನು ಹಿಂದಕ್ಕೆ ಒರಗಿಸಬೇಡಿ. ಸ್ಪ್ರೇ ಪೇಂಟ್, ಮಾರ್ಕರ್ ಇಂಕು ಬಿದ್ದರೆ ಯಾವ ಬಟ್ಟೆಯೂ ಬೇಡ, ಥಿನ್ನರ್ ಅಂತೂ ಬೇಡವೇ ಬೇಡ. ಕಲ್ಲಿಗೆ ಥಿನ್ನರ್ ಹಾಕಿದರೆ ಬಣ್ಣ ಕರಗಿ ಇನ್ನೂ ಆಳಕ್ಕೆ ಇಳಿಯುತ್ತದೆ. ಕನ್ಸರ್ವೇಟರ್‌ಗೆ ಫೋನ್ ಮಾಡಿ, ಡಬ್ಬಿ ಸಿಕ್ಕರೆ ಜೋಪಾನ ಮಾಡಿ, ಅದರಲ್ಲಿ ಏನಿದೆ ಎಂಬುದೇ ಅವರಿಗೆ ಬೇಕಾದ ಮಾಹಿತಿ. ಫ್ರೇಮಿಗೆ ಕೈ ಅಂಟಿಸಿಕೊಂಡವರನ್ನು ಎಳೆಯಬೇಡಿ. ಅಸಿಟೋನ್ ಅಂಟನ್ನು ಬಿಡಿಸುತ್ತದೆ, ಜೊತೆಗೆ ವಾರ್ನಿಷನ್ನೂ ಕರಗಿಸುತ್ತದೆ. ಚರ್ಮದ ಬದಿಯಿಂದ ಬೆಚ್ಚಗಿನ ಸೋಪು ನೀರನ್ನು ಹತ್ತಿಯಲ್ಲಿ ಅದ್ದಿ ನಿಧಾನ ಬಿಡಿಸಿ.

ಒಡೆದ ಶಿಲ್ಪದ ಸುತ್ತ ಪೊರಕೆ ಹಾಕಬೇಡಿ. 1972ರಲ್ಲಿ ವ್ಯಾಟಿಕನ್‌ನಲ್ಲಿ ಮೈಕೆಲೇಂಜಲೊನ 'ಪಿಯೆತಾ'ಗೆ ಸುತ್ತಿಗೆ ಏಟು ಬಿದ್ದಾಗ ಹಾರಿದ ಅಮೃತಶಿಲೆಯ ಚೂರುಗಳನ್ನು ಸುತ್ತಲಿದ್ದವರು ಎತ್ತಿಕೊಂಡು ಹೋದರು. ಮೂಗನ್ನು ಅದೇ ಶಿಲ್ಪದ ಬೆನ್ನಿನಿಂದ ತೆಗೆದ ಕಲ್ಲಿನಿಂದ ಮತ್ತೆ ಮಾಡಬೇಕಾಯಿತು. ಕೋಣೆಯಿಂದ ಹೊರಹೋಗುವವರನ್ನು ಒಂದೇ ಬಾಗಿಲಲ್ಲಿ ಕಳಿಸಿ, ಚೂರು ಸಿಕ್ಕಿದ್ದರೆ ಕೊಡಿ ಎಂದು ಕೇಳಿ. ಪ್ರತಿ ಚೂರು ಬಿದ್ದ ಜಾಗದ ಫೋಟೊ ತೆಗೆದು ಬೇರೆ ಬೇರೆ ಚೀಲಕ್ಕೆ ಹಾಕಿ.

9. ಪೊಲೀಸ್, ದುರಸ್ತಿ, ಮತ್ತೆ ಗೋಡೆಗೆ

ಮಹಜರು ಆಗುವವರೆಗೆ ಆಯುಧ, ಬಾಟಲಿ ಮುಟ್ಟಬೇಡಿ. ದೂರಿನ ಜೊತೆ ದಾಸ್ತಾನು ಸಂಖ್ಯೆ, ಹಿಂದಿನ ಮತ್ತು ಈಗಿನ ಫೋಟೊ, ಸುತ್ತಿನ ಪುಸ್ತಕದ ಪ್ರತಿ ಕೊಡಿ. ಸರ್ಕಾರಿ ಮ್ಯೂಸಿಯಂ ಆದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ ಅನ್ವಯಿಸುತ್ತದೆ. ಖಾಸಗಿ ಸಂಗ್ರಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ 1958ರ ಪುರಾತನ ಸ್ಮಾರಕಗಳ ಕಾಯ್ದೆಯಡಿ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಜಾಲತಾಣದಲ್ಲಿ ವಿಡಿಯೊ ಬಂದಿದ್ದರೆ ಅಳಿಸುವ ಮೊದಲೇ ಇಳಿಸಿಟ್ಟುಕೊಳ್ಳಿ. 2019ರಲ್ಲಿ ಹಂಪಿಯಲ್ಲಿ ಕಂಬ ಉರುಳಿಸಿದವರು ಸಿಕ್ಕಿಬಿದ್ದದ್ದು ಹರಡಿದ ವಿಡಿಯೊದಿಂದ. ನ್ಯಾಯಾಲಯ ನಾಲ್ವರಿಗೂ ತಲಾ 70,000 ರೂಪಾಯಿ ದಂಡ ವಿಧಿಸಿತು, ಕಂಬವನ್ನು ಅವರಿಂದಲೇ ಎತ್ತಿ ನಿಲ್ಲಿಸಲಾಯಿತು.

ದುರಸ್ತಿಗೆ ಆತುರ ಬೇಡ. 2012ರಲ್ಲಿ ಲಂಡನ್‌ನ ಟೇಟ್ ಮಾಡರ್ನ್‌ನಲ್ಲಿ ರಾಥ್ಕೊನ ಚಿತ್ರದ ಮೇಲೆ ಇಂಕಿನಲ್ಲಿ ಗೀಚಿದಾಗ, ಮೊದಲು ಅದೇ ಬಗೆಯ ಬಣ್ಣದ ಮಾದರಿ ತಯಾರಿಸಿ, ಅದರ ಮೇಲೆ ದ್ರಾವಕಗಳನ್ನು ಪ್ರಯೋಗಿಸಿ ನೋಡಿ, ಆಮೇಲೆ ಮೂಲಕ್ಕೆ ಕೈ ಹಾಕಿದರು. ಒಂದೂವರೆ ವರ್ಷ ಹಿಡಿಯಿತು, ಚಿತ್ರ ಮರಳಿ ಬಂತು. ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ಮ್ಯೂಸಿಯಂನಲ್ಲಿ 1986ರಲ್ಲಿ ಸೀಳಿಸಿಕೊಂಡ ಬಾರ್ನೆಟ್ ನ್ಯೂಮನ್‌ನ ದೊಡ್ಡ ಕೆಂಪು ಚಿತ್ರದ ಕಥೆ ಬೇರೆ: ರೋಲರ್‌ನಿಂದ ಬಣ್ಣ ಬಳಿದು ಮೂಲದ ಸೂಕ್ಷ್ಮ ಪದರಗಳನ್ನೇ ಮುಚ್ಚಲಾಯಿತೆಂಬ ಆರೋಪ ವರ್ಷಗಟ್ಟಲೆ ನಡೆಯಿತು.

ಆ ಕೆಂಪು ಚಿತ್ರವನ್ನು ಸೀಳಿದವನೇ 1997ರಲ್ಲಿ ಅದೇ ಮ್ಯೂಸಿಯಂಗೆ ಮತ್ತೆ ಬಂದ. ಹುಡುಕಿದ ಚಿತ್ರ ಸಿಗಲಿಲ್ಲ, ಅದೇ ಕಲಾವಿದನ 'ಕೆಥೀಡ್ರಾ' ಚಿತ್ರವನ್ನು ಸೀಳಿದ. ಆದ್ದರಿಂದ ಕೃತಿ ಮರಳಿ ಗೋಡೆಗೇರುವ ದಿನ ಎರಡು ಕೆಲಸ ಮುಗಿದಿರಲಿ: ಹಿಂದೆ ಹಾನಿ ಮಾಡಿದವನ ಫೋಟೊ ಟಿಕೆಟ್ ಕೌಂಟರ್‌ನ ಒಳಬದಿಯಲ್ಲಿ, ಹೊರಗಿನವರಿಗೆ ಕಾಣದಂತೆ, ಮತ್ತು ಅದೇ ಕಲಾವಿದನ, ಅದೇ ವಿಷಯದ ಉಳಿದ ಕೃತಿಗಳ ಮುಂದೆ ಸ್ಟಾಪ್‌ವಾಚ್ ಹಿಡಿದು ಇನ್ನೊಮ್ಮೆ ನಡೆದು ಅಳೆದ ಅಂಕಿಗಳು.